ಭಾಷಣ ಕ್ಲಬ್‌ನ ಓಪನ್ ಹೌಸ್‌ಗೆ ಪ್ರಚಾರ: 2000 ರೂಪಾಯಿಯಲ್ಲಿ ಏನು ಮಾಡಬಹುದು?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ಜುಲೈ 1ರಿಂದ ನಮ್ಮ ಟೋಸ್ಟ್‌ಮಾಸ್ಟರ್ಸ್ (ಭಾಷಣ ಅಭ್ಯಾಸದ ಅಂತರರಾಷ್ಟ್ರೀಯ ಸಂಸ್ಥೆ) ಕ್ಲಬ್‌ನ ವಿಪಿ ಪಿಆರ್, ಅಂದರೆ ಪ್ರಚಾರ ನೋಡಿಕೊಳ್ಳುವ ಉಪಾಧ್ಯಕ್ಷ ಸ್ಥಾನದ ಹೊಣೆ ನನ್ನದು. ಊರು ದಾವಣಗೆರೆ, ಕನ್ನಡ–ಇಂಗ್ಲಿಷ್ ದ್ವಿಭಾಷಾ ಕ್ಲಬ್, 13 ಸದಸ್ಯರು. ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ 10ರಿಂದ 12, ಬಾಡಿಗೆಗೆ ಪಡೆದ ಶಾಲಾ ಕೊಠಡಿಯಲ್ಲಿ ಸಭೆ. ಆಗಸ್ಟ್‌ನ ನಾಲ್ಕನೇ ಭಾನುವಾರ ಓಪನ್ ಹೌಸ್ (ಹೊರಗಿನವರಿಗೂ ತೆರೆದ ಸಭೆ) ಇಟ್ಟುಕೊಂಡಿದ್ದೇವೆ. ಬಜೆಟ್ 2000 ರೂ. ಇನ್‌ಸ್ಟಾಗ್ರಾಂ ಪುಟ ಇದೆ, ಆದರೆ ಲೈಕ್ ಒತ್ತುವವರೆಲ್ಲ ಬೇರೆ ಊರಿನ ಕ್ಲಬ್‌ನವರೇ. ಪೋಸ್ಟರ್, ಪತ್ರಿಕೆ, ವಾಟ್ಸಾಪ್ – ಯಾವುದಕ್ಕೆ ಎಷ್ಟು ಒತ್ತು ಕೊಡಬೇಕು? ಗೂಗಲ್ ಮ್ಯಾಪ್‌ನಲ್ಲೂ ಕ್ಲಬ್ ಸೇರಿಸೋಣ ಎನ್ನುತ್ತಿದ್ದಾರೆ.

ಮಾಜಿ ಏರಿಯಾ ಡೈರೆಕ್ಟರ್:
ಪೋಸ್ಟರ್ ಆಮೇಲೆ. ಮೊದಲು ಟೋಸ್ಟ್‌ಮಾಸ್ಟರ್ಸ್ ಜಾಲತಾಣದ 'ಫೈಂಡ್ ಎ ಕ್ಲಬ್' ಪುಟದಲ್ಲಿ ನಿಮ್ಮ ಕ್ಲಬ್ ಹುಡುಕಿ ನೋಡಿ. ಜುಲೈನಲ್ಲಿ ಪದಾಧಿಕಾರಿಗಳು ಬದಲಾದರೂ ಅಲ್ಲಿ ಹಳಬರ ಫೋನ್, ಹಳೇ ಸಭಾಂಗಣ ಹಾಗೇ ಉಳಿದಿರುತ್ತವೆ. ತಾನಾಗಿ ಹುಡುಕಿಕೊಂಡು ಬರುವವನಿಗೆ ಮೊದಲು ಸಿಗುವುದೇ ಆ ಪುಟ. ಅದೇ ಜಾಲತಾಣದಲ್ಲಿ ಪದಾಧಿಕಾರಿಗಳಿಗಿರುವ 'ಕ್ಲಬ್ ಸೆಂಟ್ರಲ್' ವಿಭಾಗಕ್ಕೆ ಲಾಗಿನ್ ಆಗಿ ವಿಳಾಸ, ಸಮಯ, ಸಂಪರ್ಕ ಸಂಖ್ಯೆ ಇವತ್ತೇ ತಿದ್ದಿ. ಸಾಧ್ಯವಾದರೆ ಕ್ಲಬ್‌ಗೆಂದೇ ಒಂದು ಸಿಮ್ ಇಟ್ಟುಕೊಳ್ಳಿ. ಪದಾಧಿಕಾರಿ ಬದಲಾದರೂ ಪೋಸ್ಟರ್ ಮೇಲಿನ ನಂಬರ್ ಬದಲಾಗಬಾರದು.

ಗೂಗಲ್ ಮ್ಯಾಪ್ ವಿಷಯದಲ್ಲಿ ಹುಷಾರು. ತಮ್ಮದಲ್ಲದ ಜಾಗದಲ್ಲಿ ನಡೆಯುವ ತರಗತಿ, ಸಭೆಗಳಿಗೆ ಬಿಸಿನೆಸ್ ಪ್ರೊಫೈಲ್ (ಮ್ಯಾಪ್‌ನಲ್ಲಿ ಹೆಸರು, ವಿಳಾಸ ತೋರಿಸುವ ನಮೂದು) ಕೊಡುವುದಿಲ್ಲ ಅಂತ ಗೂಗಲ್ ನಿಯಮದಲ್ಲೇ ಇದೆ. ಮಾಡಿದರೂ ಯಾವತ್ತೋ ಒಂದು ದಿನ ಸಸ್ಪೆಂಡ್ ಆಗಬಹುದು, ರಿವ್ಯೂಗಳೂ ಹೋಗಬಹುದು. ಶಾಲೆಯ ಲೊಕೇಶನ್ ಲಿಂಕನ್ನೇ ಕಳಿಸಿ. ಜೊತೆಗೆ 'ಹಿಂದಿನ ಗೇಟ್, ಮೊದಲ ಮಹಡಿ' ಅನ್ನುವಷ್ಟು ಸ್ಪಷ್ಟವಾಗಿ ಒಂದು ಸಾಲು ಬರೆಯಿರಿ. ಭಾನುವಾರ ಶಾಲೆಯ ಮುಂದಿನ ಗೇಟಿಗೆ ಬೀಗ ಹಾಕಿದ್ದರೆ ಅತಿಥಿ ಅಲ್ಲಿಂದಲೇ ವಾಪಸ್. ಅವತ್ತು 9:40ರಿಂದ 10:15ರವರೆಗೆ ಒಬ್ಬ ಸದಸ್ಯ ಗೇಟಿನಲ್ಲೇ ಇರಲಿ.

ಇನ್ನು ವಾಟ್ಸಾಪ್. ಬ್ರಾಡ್‌ಕಾಸ್ಟ್ ಲಿಸ್ಟ್ ನಂಬಬೇಡಿ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುವುದು. ಸದಸ್ಯರು ಒಬ್ಬೊಬ್ಬರೂ ಐದೈದು ಜನಕ್ಕೆ ಹೆಸರು ಹಿಡಿದು ಕಳಿಸಿದ ಸಂದೇಶದ ಮುಂದೆ ನೂರು ಗ್ರೂಪಿನ ಫಾರ್ವರ್ಡ್ ಏನೂ ಅಲ್ಲ. ಒಕ್ಕಣೆ ಹೀಗಿರಲಿ:

'ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಭಾಷಣ ಕ್ಲಬ್‌ನಲ್ಲಿ ಓಪನ್ ಹೌಸ್ ಇದೆ. ಪ್ರವೇಶಕ್ಕೆ ದುಡ್ಡಿಲ್ಲ. ಸುಮ್ಮನೆ ಕೂತು ಕೇಳಬಹುದು, ವೇದಿಕೆಗೆ ಬನ್ನಿ ಅಂತ ಯಾರೂ ಬಲವಂತ ಮಾಡಲ್ಲ. ಕನ್ನಡದಲ್ಲೂ ಮಾತಾಡಬಹುದು. 12ಕ್ಕೆ ಸರಿಯಾಗಿ ಮುಗಿಯುತ್ತೆ. ಬರ್ತೀರಾ?'

ಬಲವಂತವಿಲ್ಲ ಅನ್ನುವ ಆ ವಾಕ್ಯ ಬಿಡಲೇಬೇಡಿ. ಮೈಕ್ ಕೈಗೆ ಕೊಟ್ಟುಬಿಡುತ್ತಾರೇನೋ ಅನ್ನುವ ಭಯಕ್ಕೇ ಅರ್ಧ ಜನ ಬರುವುದಿಲ್ಲ. ಉಳಿದವರು ಇದನ್ನು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಅಂದುಕೊಂಡಿರುತ್ತಾರೆ. 'ವ್ಯಕ್ತಿತ್ವ ವಿಕಸನ', 'ನಾಯಕತ್ವದ ಪಯಣ' ಅಂತೆಲ್ಲ ಬರೆದರೆ ಆ ಎರಡೂ ಅನುಮಾನ ಹಾಗೇ ಉಳಿಯುತ್ತವೆ.

ರಾತ್ರಿಪಾಳಿ ಡೆಸ್ಕ್:
ಪತ್ರಿಕೆ ಬಗ್ಗೆ ನಾನು ಹೇಳುತ್ತೇನೆ. ನಿಮ್ಮೂರಲ್ಲಿ ಜನತಾವಾಣಿ ಇದೆ, ರಾಜ್ಯಮಟ್ಟದ ಪತ್ರಿಕೆಗಳ ಜಿಲ್ಲಾ ಪುಟಗಳಿವೆ. ನೀವು ಕೇಳಬೇಕಾದ್ದು ದೊಡ್ಡ ಸುದ್ದಿಯನ್ನಲ್ಲ, ಇಂದಿನ ಕಾರ್ಯಕ್ರಮಗಳ ಅಂಕಣದಲ್ಲಿ ನಾಲ್ಕು ಸಾಲು. ಅದಕ್ಕೆ ದುಡ್ಡು ಬೇಕಿಲ್ಲ.

ಪ್ರಕಟಣೆ 100 ಪದ ದಾಟಬಾರದು. ಮೊದಲ ವಾಕ್ಯದಲ್ಲೇ ಯಾರು, ಏನು, ಯಾವತ್ತು, ಎಷ್ಟು ಗಂಟೆಗೆ, ಎಲ್ಲಿ. ಕೊನೆಗೆ ಒಂದೇ ಫೋನ್ ನಂಬರ್. 'ಭಾನುವಾರ' ಅಂತಷ್ಟೇ ಬರೆದರೆ ಸಾಲದು, ತಾರೀಖೂ ಬೇಕು. ಇಮೇಲ್‌ನ ಒಳಗೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಲೆಟರ್‌ಹೆಡ್ ಫೋಟೊ, ಪಿಡಿಎಫ್ ಕಳಿಸಿದರೆ ಯಾರೋ ಕೂತು ಮತ್ತೆ ಟೈಪ್ ಮಾಡಬೇಕು. ರಾತ್ರಿ ಎಂಟು ಗಂಟೆಗೆ ಆ ಪುರುಸೊತ್ತು ಯಾರಿಗೂ ಇರಲ್ಲ. ಎಮೋಜಿ, ಅಲಂಕಾರದ ಚಿಹ್ನೆಗಳೂ ಬೇಡ. ಹಳೇ ಫಾಂಟ್‌ಗಳಲ್ಲಿ ಪುಟ ಕಟ್ಟುವ ಕಡೆ ಪಠ್ಯವನ್ನು ಕನ್ವರ್ಟ್ ಮಾಡುವಾಗ ಅವು ಕಸವಾಗುತ್ತವೆ.

ಭಾನುವಾರದ ಕಾರ್ಯಕ್ರಮಕ್ಕೆ ಗುರುವಾರ ಕಳಿಸಿ, ಶುಕ್ರವಾರ ಮಧ್ಯಾಹ್ನ ಒಮ್ಮೆ ಫೋನ್ ಮಾಡಿ. ಶನಿವಾರ ಸಂಜೆ ಕಳಿಸಿ ಪತ್ರಿಕೆಯನ್ನು ಬೈಯಬೇಡಿ.

ಮುಗಿದ ಮೇಲೆ ಫೋಟೊ ಕಳಿಸುವುದಾದರೆ ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿ, ಇಲ್ಲದಿದ್ದರೆ ಕುಗ್ಗಿ ಮುದ್ರಣಕ್ಕೆ ಬಾರದ ಹಾಗಾಗುತ್ತದೆ. ಸಾಲಾಗಿ ನಿಂತ 20 ಜನರ ಚಿತ್ರಕ್ಕಿಂತ ಒಬ್ಬರು ಮಾತಾಡುತ್ತಿರುವುದು, ಮೂವರು ಕೇಳುತ್ತಿರುವುದು ಸಾಕು. ಹೆಸರುಗಳು ಎಡದಿಂದ ಬಲಕ್ಕೆ, ಇನಿಷಿಯಲ್ ಸಮೇತ.

ಒತ್ತಕ್ಷರ:
ವಿನ್ಯಾಸದ ಕಡೆಯಿಂದ ಸ್ವಲ್ಪ. ಟೋಸ್ಟ್‌ಮಾಸ್ಟರ್ಸ್ ಲೋಗೊವನ್ನು ಸಂಸ್ಥೆಯ ಬ್ರ್ಯಾಂಡ್ ಪೋರ್ಟಲ್‌ನಿಂದಲೇ ಇಳಿಸಿಕೊಳ್ಳಿ. ಬಣ್ಣ ಬದಲಿಸುವುದು, ಎಳೆದು ಅಗಲ ಮಾಡುವುದು, ಲೋಗೊದೊಳಗೆ ಕ್ಲಬ್ ಹೆಸರು ತುರುಕುವುದು ನಿಯಮಕ್ಕೆ ವಿರುದ್ಧ. ಸಂಸ್ಥೆಯ ಬಣ್ಣಗಳಲ್ಲಿ ನೀಲಿಗೆ ಹೆಕ್ಸ್ ಕೋಡ್ (ಕಂಪ್ಯೂಟರ್‌ನಲ್ಲಿ ಬಣ್ಣ ಸೂಚಿಸುವ ಸಂಖ್ಯೆ) 004165, ಮರೂನ್‌ಗೆ 772432. ಉಚಿತವಾಗಿ ಬಳಸಿ ಅಂತ ಅವರು ಸೂಚಿಸುವ ಮಾಂಟ್‌ಸೆರಾಟ್ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಕನ್ನಡ ಟೈಪ್ ಮಾಡಿದರೆ ಸಾಫ್ಟ್‌ವೇರ್ ತನಗೆ ತೋಚಿದ ಫಾಂಟ್ ಹಾಕುತ್ತದೆ, ಒಂದೇ ಪೋಸ್ಟರ್ ಎರಡು ಕಂಪ್ಯೂಟರ್‌ನಲ್ಲಿ ಎರಡು ಥರ ಕಾಣುತ್ತದೆ. ನೋಟೊ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ನೀವೇ ಆರಿಸಿ. ಸಾಲುಗಳ ಅಂತರ 1.4ಕ್ಕಿಂತ ಕಡಿಮೆ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದರೆ 'ವರ್ಲ್ಡ್‌ ರೆಡಿ ಲೇಔಟ್' ಅನ್ನುವ ಸೆಟ್ಟಿಂಗ್ ಆನ್ ಮಾಡಿ.

ಕ್ಯೂಆರ್ ಕೋಡ್ ಎ4 ಹಾಳೆಯಲ್ಲಿ 3 ಸೆಂ.ಮೀ.ಗಿಂತ ಚಿಕ್ಕದು ಬೇಡ, ಸುತ್ತ ಬಿಳಿ ಅಂಚು ಇರಲಿ. 'ಡೈನಾಮಿಕ್ ಕ್ಯೂಆರ್' (ತಾಣದ ಮೂಲಕ ಹಾದು ಲಿಂಕ್ ತೆರೆಯುವಂಥದ್ದು) ಕೊಡುವ ಕೆಲವು ತಾಣಗಳಲ್ಲಿ ಟ್ರಯಲ್ ಮುಗಿದ ಮೇಲೆ ಕೋಡ್ ಸತ್ತುಹೋಗುತ್ತದೆ, ಅಷ್ಟರಲ್ಲಿ ಪ್ರಿಂಟ್ ಆಗಿ ಗೋಡೆ ಮೇಲಿರುತ್ತದೆ. ಲಿಂಕ್ ನೇರವಾಗಿ ಕೋಡ್‌ನಲ್ಲೇ ಇರುವ ಸ್ಟ್ಯಾಟಿಕ್ ಕೋಡ್ ಮಾಡಿ. ಅದು ಕ್ಲಬ್ ನಂಬರಿನ ಚಾಟ್ ತೆರೆಯಲಿ, ಗ್ರೂಪ್‌ಗೆ ಸೇರಿಸುವುದು ಬೇಡ. ಗ್ರೂಪ್ ಲಿಂಕ್ ಗೋಡೆಗೆ ಅಂಟಿಸಿದರೆ ಸಾಲ ಕೊಡುವವರು, ಷೇರು ಟಿಪ್ಸ್‌ನವರು ಮೊದಲು ಬರುತ್ತಾರೆ, ಸದಸ್ಯರ ನಂಬರೆಲ್ಲ ಅವರ ಕೈಗೆ.

ಗೆಸ್ಟ್ ಬುಕ್:
ಮೇಲಿನದೆಲ್ಲ ಸರಿ, ಆದರೆ ಬಂದವರನ್ನು ಉಳಿಸಿಕೊಳ್ಳುವ ಮಾತನ್ನು ಯಾರೂ ಎತ್ತಲಿಲ್ಲ. ನನ್ನ ಪ್ರಕಾರ ಹೆಚ್ಚಿನ ಕ್ಲಬ್‌ಗಳಲ್ಲಿ ಸೋರುವುದು ಅಲ್ಲೇ. ಅತಿಥಿ ಪುಸ್ತಕದಲ್ಲಿ ಹೆಸರು, ಫೋನ್ ಜೊತೆಗೆ 'ಹೇಗೆ ಗೊತ್ತಾಯಿತು?' ಅನ್ನುವ ಕಲಂ ಇರಲಿ. ಅದಿಲ್ಲದೆ ಮುಂದಿನ ಸಲ 2000 ರೂ. ಎಲ್ಲಿ ಹಾಕಬೇಕೆಂದು ಗೊತ್ತಾಗುವುದೇ ಇಲ್ಲ. ಅವತ್ತೇ ಸಂಜೆ ವಿಪಿ ಮೆಂಬರ್‌ಶಿಪ್ (ಸದಸ್ಯತ್ವ ನೋಡಿಕೊಳ್ಳುವ ಉಪಾಧ್ಯಕ್ಷರು) ಕಡೆಯಿಂದ ಒಂದು ಸಂದೇಶ, ಮುಂದಿನ ಸಭೆಗೆ ಮೂರು ದಿನ ಮುಂಚೆ ಒಂದು ಫೋನ್. ಫೋಟೊ ಹಾಕುವ ಮುಂಚೆ ಅತಿಥಿಗಳನ್ನು ಕೇಳಿ. ಆಫೀಸಿನಲ್ಲಿ ಗೊತ್ತಾಗುವುದು ಬೇಡ ಅನ್ನುವವರಿರುತ್ತಾರೆ.

ಶುಲ್ಕದ ಪ್ರಶ್ನೆಗೂ ಉತ್ತರ ಸಿದ್ಧವಿರಲಿ. ಸದಸ್ಯತ್ವ ನವೀಕರಣ ಅಕ್ಟೋಬರ್ 1 ಮತ್ತು ಏಪ್ರಿಲ್ 1ಕ್ಕೆ. ಆಗಸ್ಟ್ ಕೊನೆಗೆ ಸೇರಿದವರು ಉಳಿದ ತಿಂಗಳ ಲೆಕ್ಕದಲ್ಲಿ ಒಮ್ಮೆ ಕಟ್ಟಿ, ಸ್ವಲ್ಪ ದಿನಕ್ಕೇ ನವೀಕರಣಕ್ಕೆ ಮತ್ತೆ ಕಟ್ಟಬೇಕು. ಎರಡೂ ಮೊತ್ತವನ್ನು ರೂಪಾಯಿಯಲ್ಲಿ ಒಂದೇ ಚೀಟಿಯಲ್ಲಿ ಬರೆದುಕೊಡಿ. ಇಲ್ಲದಿದ್ದರೆ 'ಮೊನ್ನೆ ತಾನೇ ಕೊಟ್ಟೆನಲ್ಲ' ಅನ್ನುವ ಜಗಳ ಖಂಡಿತ.

ಬೆಣ್ಣೆನಗರಿ:
ತುಂಬಾ ಉಪಕಾರ. ಇನ್ನೆರಡು ಪ್ರಶ್ನೆ: ಸರ್ಕಲ್‌ನಲ್ಲಿ ಒಂದು ಫ್ಲೆಕ್ಸ್ ಕಟ್ಟಬಹುದೇ? ಪಿಯು ಕಾಲೇಜುಗಳಲ್ಲಿ ಪೋಸ್ಟರ್ ಹಾಕಬಹುದೇ?

ಮಾಜಿ ಏರಿಯಾ ಡೈರೆಕ್ಟರ್:
ಪಿಯು ಬೇಡ. ಸದಸ್ಯತ್ವಕ್ಕೆ 18 ತುಂಬಿರಬೇಕು, ಅಲ್ಲಿನ ಮಕ್ಕಳು ಆಸೆಯಿಂದ ಬಂದರೂ ಸೇರಿಸಿಕೊಳ್ಳಲು ಆಗಲ್ಲ. ಎಂಜಿನಿಯರಿಂಗ್, ಎಂಬಿಎ, ಪದವಿ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೆ ನೇರ ಹೋಗಿ ಪತ್ರ ಕೊಟ್ಟು, ನೋಟಿಸ್ ಬೋರ್ಡ್‌ಗೆ ಅನುಮತಿ ಕೇಳಿ. ಹತ್ತು ನಿಮಿಷ ಟೇಬಲ್ ಟಾಪಿಕ್ಸ್ (ಸ್ಥಳದಲ್ಲೇ ಕೊಟ್ಟ ವಿಷಯಕ್ಕೆ ತಯಾರಿಯಿಲ್ಲದೆ ಮಾತಾಡುವುದು) ಆಡಿಸಿ ತೋರಿಸುತ್ತೇವೆ ಅಂದರೆ ಇನ್ನೂ ಒಳ್ಳೆಯದು. ಬ್ಯಾಂಕ್, ಎಲ್‌ಐಸಿ ಕಚೇರಿಗಳನ್ನೂ ಮರೆಯಬೇಡಿ. ಫೀಸು ಕಟ್ಟಿ ವರ್ಷಗಟ್ಟಲೆ ಉಳಿಯುವವರು ಹೆಚ್ಚಾಗಿ ಕೆಲಸದಲ್ಲಿರುವವರೇ.

ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ, ಬಟ್ಟೆ ಬ್ಯಾನರ್‌ಗೂ ಮಹಾನಗರ ಪಾಲಿಕೆ ಅನುಮತಿ ಬೇಕು. ಅನುಮತಿಯಿಲ್ಲದೆ ಕಟ್ಟಿದರೆ 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ ಕೇಸ್ ಆಗಬಹುದು. ಆ ದುಡ್ಡಲ್ಲಿ ಎ4 ಬಣ್ಣದ ಪ್ರಿಂಟ್ 40 ತೆಗೆಸಿ, ಉಳಿದದ್ದು ಅವತ್ತಿನ ಕಾಫಿ, ಬಿಸ್ಕತ್ತಿಗೆ.