ದಾವಣಗೆರೆಯಿಂದ 4 ವಾಟ್, ಮೋರ್ಸ್: ಎಷ್ಟು ಕರೆದರೂ ಯಾರೂ ಓಗೊಡ್ತಿಲ್ಲ, ಏನ್ಮಾಡ್ಲಿ?

ಬೆಣ್ಣೆದೋಸೆ_ಹ್ಯಾಮ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಹ್ಯಾಮ್, ಅಂದ್ರೆ ಹವ್ಯಾಸಿ ರೇಡಿಯೋದ, ಜನರಲ್ ಗ್ರೇಡ್ ಲೈಸೆನ್ಸ್ ಈಗಷ್ಟೇ ಕೈಗೆ ಬಂದಿದೆ. ಪರೀಕ್ಷೆಗೆ ಬೇಕಿದ್ದ ನಿಮಿಷಕ್ಕೆ 8 ಪದದ ಮೋರ್ಸ್ ಹೇಗೋ ಪಾಸಾದೆ. 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡಿನ ಪುಟ್ಟ ಮೋರ್ಸ್ ಸೆಟ್, ಕ್ಯೂಸಿಎಕ್ಸ್ ಮಿನಿ ಕಿಟ್ ತರಿಸಿ ಜೋಡಿಸಿದ್ದೇನೆ. ಆಂಟೆನಾ ಬದಲು ಡಮ್ಮಿ ಲೋಡ್ ಹಾಕಿ ಅಳೆದರೆ 4 ವಾಟ್ ಬರುತ್ತದೆ.

ಮನೆ ಇರೋದು ವಿದ್ಯಾನಗರದಲ್ಲಿ. ತಾರಸಿ ಮೇಲೆ ವೈರ್ ಕಟ್ಟಿದರೆ ಹೆಡ್‌ಫೋನ್ ತುಂಬಾ ಗುಂಯ್ ಅನ್ನೋ ಗಲಾಟೆ. ಸುತ್ತಮುತ್ತ ಎಲ್ಲರ ಮನೆಯಲ್ಲೂ ಎಲ್‌ಇಡಿ ಬಲ್ಬು, ಯುಪಿಎಸ್, ಪಕ್ಕದವರದ್ದು ಸೋಲಾರ್ ಇನ್ವರ್ಟರ್ ಬೇರೆ. ಅದಕ್ಕೇ ಭಾನುವಾರ ಬೈಕಿಗೆ ಬ್ಯಾಗು ಕಟ್ಟಿಕೊಂಡು ಕುಂದುವಾಡ ಕೆರೆ ಕಡೆ ಹೋದೆ. ಒಂದೂವರೆ ಮೀಟರಿನ ವಿಪ್ (ನೆಟ್ಟಗೆ ನಿಲ್ಲೋ ಕಡ್ಡಿ) ಆಂಟೆನಾ, ಬುಡದಲ್ಲಿ ಕಾಯಿಲ್, ನೆಲಕ್ಕೊಂದು ವೈರ್. ಮಧ್ಯಾಹ್ನ 12ರಿಂದ 2ರವರೆಗೆ 7.030 ಮೆಗಾಹರ್ಟ್ಸ್‌ನಲ್ಲಿ ಸಿಕ್ಯೂ (ಯಾರಾದ್ರೂ ಮಾತಿಗೆ ಬನ್ನಿ) ಅಂತ ಕರೆದೆ. ಒಬ್ಬರೂ ಬರಲಿಲ್ಲ. ಯಾರ ಸಿಗ್ನಲ್ ಎಲ್ಲಿ ಕೇಳಿಸಿತು ಅಂತ ತಾನಾಗೇ ತೋರಿಸೋ ರಿವರ್ಸ್ ಬೀಕನ್ ತಾಣದಲ್ಲೂ ನನ್ನ ಕಾಲ್‌ಸೈನ್ ಇಲ್ಲ. ದಾರೀಲಿ ಹೋಗುವವರು ಮಾತ್ರ "ಏನ್ ಸರ್, ಮೀನು ಹಿಡಿಯೋದಾ?" ಅಂತ ಕೇಳಿ ಹೋದರು.

4 ವಾಟ್ ತೀರಾ ಕಡಿಮೆ ಆಯ್ತಾ? 100 ವಾಟಿನ ಸೆಟ್ ತಗೊಳ್ಳೋದೇ ವಾಸಿನಾ? ಇಲ್ಲ, ಎತ್ತರ ಬೇಕು ಅಂದ್ರೆ ಚಿತ್ರದುರ್ಗದ ಕೋಟೆ ಹತ್ತಲಾ?

ಕಲ್ಲುಬಂಡೆ (ಚಿತ್ರದುರ್ಗ)

ತಮ್ಮಾ, ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ. ನಿಮ್ಮ ತೊಂದರೆ ಪವರ್‌ದಲ್ಲ. ಆಂಟೆನಾ ಒಂದು ಕಡೆ, ಹೊತ್ತು ಇನ್ನೊಂದು ಕಡೆ ಎಳೀತಾ ಇದೆ.

ನಡು ಮಧ್ಯಾಹ್ನ 7 ಮೆಗಾಹರ್ಟ್ಸ್‌ನಲ್ಲಿ ದೂರಕ್ಕೆ ಹೋಗಲು ಆಗಲ್ಲ. ದಿಗಂತದ ಕಡೆಗೆ ಓರೆಯಾಗಿ ಹೊರಟ ಸಿಗ್ನಲ್ಲನ್ನು ಆ ಬಿಸಿಲಲ್ಲಿ ವಾತಾವರಣದ ಮೇಲ್ಭಾಗದಲ್ಲಿರೋ ಡಿ ಪದರ ಹೀರಿಕೊಂಡುಬಿಡುತ್ತದೆ. ಆ ಹೊತ್ತಲ್ಲಿ ಕೆಲಸ ಮಾಡೋದು ಹೆಚ್ಚು ಕಡಿಮೆ ನೆತ್ತಿಯ ಕಡೆ ಹೋಗಿ, ಅದಕ್ಕೂ ಮೇಲಿರೋ ಎಫ್ ಪದರಕ್ಕೆ ತಾಗಿ ಕೆಳಗೆ ಬೀಳುವ ಸಿಗ್ನಲ್. ಬೆಂಗಳೂರು, ಹೈದರಾಬಾದ್ ಎಲ್ಲಾ ಅದರಲ್ಲೇ ಸಿಗೋದು. ನೆಟ್ಟಗೆ ನಿಲ್ಲಿಸಿದ ವಿಪ್ ಮಾಡೋದು ಇದಕ್ಕೆ ಪೂರ್ತಿ ಉಲ್ಟಾ: ನೆತ್ತಿ ಕಡೆ ಏನೂ ಕಳಿಸಲ್ಲ, ಓರೆಯಾಗಿ ಕಳಿಸುತ್ತದೆ. ಸಾಲದು ಅಂತ ಒಂದೂವರೆ ಮೀಟರಿನ ವಿಪ್ 40 ಮೀಟರ್ ಬ್ಯಾಂಡಿಗೆ ತೀರಾ ಗಿಡ್ಡ. ನಿಮ್ಮ 4 ವಾಟ್‌ನಲ್ಲಿ ಬಹುಪಾಲು ಕಾಯಿಲ್ ಮತ್ತು ನೆಲ ಬಿಸಿ ಮಾಡೋಕೇ ಹೋಗಿದೆ. 100 ವಾಟ್ ಹಾಕಿದ್ರೂ ಇದೇ ಗತಿ, ಕಾಯಿಲ್ ಇನ್ನಷ್ಟು ಬಿಸಿ ಆಗೋದು ಅಷ್ಟೆ.

ರಿವರ್ಸ್ ಬೀಕನ್ ನೋಡಿ ಬೇಜಾರು ಮಾಡ್ಕೋಬೇಡಿ. ಅದರ ರಿಸೀವರ್‌ಗಳು ಜಾಸ್ತಿ ಇರೋದು ಯುರೋಪ್, ಅಮೆರಿಕದಲ್ಲಿ. ನಮ್ಮ ಮಧ್ಯಾಹ್ನದ 7 ಮೆಗಾಹರ್ಟ್ಸ್ ಅಲ್ಲಿಗೆ ಮುಟ್ಟೋ ಮಾತೇ ಇಲ್ಲ. ಮುಸ್ಸಂಜೆ ಹೊತ್ತಿಗೆ ಪೂರ್ವದ ದೇಶಗಳು ತೆರೆದುಕೊಳ್ಳುತ್ತವೆ, ರಾತ್ರಿ ಏರಿದ ಮೇಲೆ ಯುರೋಪ್. ಆವಾಗ ನೋಡಿ. ತಾಣದಲ್ಲಿ ಇರೋದು ಯುಟಿಸಿ ಸಮಯ, ನಮ್ಮ ಸಂಜೆ 6:30 ಅಂದ್ರೆ ಅಲ್ಲಿ 13:00.

ಈಗ ವೈರ್ ವಿಷಯ. ಡೈಪೋಲ್ ಕಟ್ಟಿ, ಅಂದ್ರೆ ನಡುವಿನಿಂದ ಎರಡು ಕಡೆಗೂ ಸಮನಾಗಿ ಹೋಗೋ ವೈರ್ ಆಂಟೆನಾ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 7.030ಕ್ಕೆ 20.3 ಮೀಟರ್, ಅಂದ್ರೆ ಒಂದೊಂದು ಕಡೆಗೆ ಹತ್ತು ಚಿಲ್ಲರೆ. ಮನೆ ವೈರಿಂಗಿನ ದಪ್ಪ ವೈರ್ ಬೇಡ, ಬರೀ ಭಾರ. ಸ್ಪೀಕರ್ ವೈರ್ ಸೀಳಿಕೊಳ್ಳಿ. ಮೇಲೆ ಪ್ಲಾಸ್ಟಿಕ್ ಇರೋದರಿಂದಲೂ, ನಡು ಎತ್ತಿ ತುದಿ ಇಳಿಬಿಡೋದರಿಂದಲೂ ಕೊನೆಗೆ ಇದಕ್ಕಿಂತ ಸ್ವಲ್ಪ ಕಮ್ಮಿ ಉದ್ದವೇ ಸಾಕಾಗುತ್ತದೆ. ಕತ್ತರಿಸಬೇಡಿ, ತುದಿ ಮಡಚಿ ಸುತ್ತುತ್ತಾ ಬನ್ನಿ. ಎಸ್‌ಡಬ್ಲ್ಯೂಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿದೆ ಅನ್ನೋ ಅಳತೆ) ಸರಿಯಾದ ಮೇಲೇನೇ ಮೋರ್ಸ್ ಕೀ ಒತ್ತಿ. ಕ್ಯೂಸಿಎಕ್ಸ್‌ನ ಫೈನಲ್‌ನಲ್ಲಿ, ಅಂದ್ರೆ ಪವರ್ ಕೊಡೋ ಕೊನೇ ಹಂತದಲ್ಲಿ, ಇರೋದು ಮೂರು ಪುಟಾಣಿ ಬಿಎಸ್170 ಟ್ರಾನ್ಸಿಸ್ಟರ್. ಆಂಟೆನಾ ಇಲ್ಲದೆ ಒತ್ತಿದರೆ ಮೊದಲು ಹೋಗೋದು ಅವೇ.

ನಾನು ಕಟ್ಟೋದು ಭರಮಸಾಗರದ ಹತ್ತಿರ, ಪರಿಚಯದವರ ಹೊಲದ ಬಂಡೆಗಳ ಮೇಲೆ. ನಮ್ಮ ಕಡೆ ಗೂಟ ಹೊಡೆಯೋ ಆಸೆ ಬಿಡಿ, ಗೇಣು ಮಣ್ಣಿನ ಕೆಳಗೆ ಕಲ್ಲೇ. ಫೈಬರ್‌ಗ್ಲಾಸ್ ಗಾಳದ ಕೋಲಿನ ಬುಡವನ್ನು ಬಂಡೆಯ ಬಿರುಕಿಗೆ ಇಳಿಸಿ, ಎರಡು ಕಡೆ ಚಪ್ಪಟೆ ಕಲ್ಲು ಒತ್ತಿ, ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿಯುತ್ತೇನೆ. ಟ್ಯೂಬು ಗಾಳಿಗೆ ಜಗ್ಗುತ್ತದೆ, ಹಗ್ಗದ ಹಾಗೆ ಸಡಿಲ ಬೀಳಲ್ಲ. ಕೋಲಿನ ತುದಿ ಐದಾರು ಮೀಟರ್ ಎತ್ತರ, ಅಷ್ಟು ಸಾಕು. ನೆತ್ತಿ ಕಡೆ ಕಳಿಸೋಕೆ ಡೈಪೋಲ್ ತಗ್ಗಾಗಿದ್ದರೇನೇ ಚೆಂದ. ವೈರಿನ ಎರಡು ತುದಿಗೂ ನೈಲಾನ್ ದಾರ ಕಟ್ಟಿ, ಸಿಕ್ಕ ಬಳ್ಳಾರಿ ಜಾಲಿಗೆ ಬಿಗಿಯೋದು. ವೈರ್ ಮಾತ್ರ ಗಿಡಕ್ಕೆ ತಾಗಬಾರದು. ಓಲ್ಟೇಜ್ ಜಾಸ್ತಿ ಇರೋದು ತುದಿಯಲ್ಲೇ. ಕುರಿ ಕಾಯೋ ಹುಡುಗರು ಬಂದು ಮುಟ್ಟದ ಹಾಗೂ ನೋಡ್ಕೊಳ್ಳಿ. ಆಷಾಢದ ಗಾಳಿಯಲ್ಲಿ ಲಾಗ್ ಪುಸ್ತಕಕ್ಕೆ ರಬ್ಬರ್ ಬ್ಯಾಂಡ್ ಮರೀಬೇಡಿ.

ಕೋಟೆ ಬೇಡವೇ ಬೇಡ. ಅದು ಪುರಾತತ್ವ ಇಲಾಖೆ ಕಾಯುವ ಸ್ಮಾರಕ, ಅಲ್ಲಿ ಕೋಲು ವೈರು ಕಟ್ಟೋ ಹಾಗಿಲ್ಲ. ಬಿಟ್ಟರೂ ಕೋತಿಗಳು ಬಿಡಲ್ಲ. ಜೋಗಿಮಟ್ಟಿ ವನ್ಯಧಾಮ, ಅರಣ್ಯ ಇಲಾಖೆಯ ಅನುಮತಿ ಬೇಕು. ಇನ್ನು ಚಳ್ಳಕೆರೆ ಕಡೆ ಡಿಆರ್‌ಡಿಒ, ಬಿಎಆರ್‌ಸಿ ಜಾಗಗಳ ಬೇಲಿ ಹತ್ತಿರ ಆಂಟೆನಾ ಎತ್ತಿಕೊಂಡು ನಿಂತರೆ, ವಿವರಿಸಿ ಮುಗಿಸೋ ಹೊತ್ತಿಗೆ ಕತ್ತಲಾಗುತ್ತದೆ. ಹೊರಗೆ ಹೋಗೋ ಮುಂಚೆ ಲೈಸೆನ್ಸಿನಲ್ಲಿ ಸ್ಥಳದ ಬಗ್ಗೆ ಇರುವ ಷರತ್ತು ಓದಿಕೊಳ್ಳಿ. ಒಂದು ಪ್ರತಿ ಜೇಬಲ್ಲಿರಲಿ.

ವಾಣಿವಿಲಾಸ_40ಎಂ (ಹಿರಿಯೂರು)

ಕಲ್ಲುಬಂಡೆ ಸರ್ ಹೇಳೋದು ಸರಿ, ಆದ್ರೆ ಪವರ್‌ಗೆ ಬೆಲೆನೇ ಇಲ್ಲ ಅನ್ನೋ ಹಾಗೆ ಹೇಳಬೇಡಿ. 100ಕ್ಕೂ 4ಕ್ಕೂ 14 ಡೆಸಿಬಲ್ ವ್ಯತ್ಯಾಸ. ಸಿಗ್ನಲ್ ಬಲ ತೋರಿಸೋ ಎಸ್ ಮೀಟರಿನಲ್ಲಿ ಎರಡು ಮನೆ ಮೇಲೆಯೇ. ಏಪ್ರಿಲ್, ಮೇನಲ್ಲಿ ಗುಡುಗಿನ ಚಟಪಟ ಬ್ಯಾಂಡ್ ತುಂಬಾ ಇರುವಾಗ ಆ ಎರಡು ಮನೆಯೇ ಎಲ್ಲಾ. ಮಾತಿನಲ್ಲಿ, ಅಂದ್ರೆ ಎಸ್‌ಎಸ್‌ಬಿಯಲ್ಲಿ, 4 ವಾಟ್ ಇಟ್ಕೊಂಡು ಒದ್ದಾಡೋದು ನನಗಂತೂ ಆಗಲ್ಲ. ಹೈದರಾಬಾದಿನ ಫರ್ಹಾನ್ ಅವರ ಬಿಟ್‌ಎಕ್ಸ್ ಸೆಟ್ ಕಟ್ಟಿ ಅಷ್ಟರಲ್ಲೇ ಮಾತಾಡೋರು ಇದ್ದಾರೆ, ಅವರ ತಾಳ್ಮೆ ದೊಡ್ಡದು.

ಸಿಡಬ್ಲ್ಯೂ, ಅಂದ್ರೆ ಮೋರ್ಸ್, ಆದ್ರೆ ಬೇರೆ ಲೆಕ್ಕ, ಒಪ್ಕೋತೀನಿ. ನಿಮ್ಮ ಸೆಟ್ಟಿನ ಫಿಲ್ಟರ್ 200 ಹರ್ಟ್ಸ್ ಅಗಲ. ಮಾತಿಗೆ ಎರಡು ಸಾವಿರದ ಮೇಲೆ ಬೇಕು. ಕಿಟಕಿ ಚಿಕ್ಕದಾದಷ್ಟೂ ಒಳಗೆ ಬರೋ ಗಲಾಟೆ ಕಮ್ಮಿ. ಗುಡುಗು ಕೇಳಿದ ತಕ್ಷಣ ಮಾತ್ರ ಬಂಡೆ ಮೇಲಿಂದ ಇಳಿದು ಬನ್ನಿ.

ತಂತಿ_ಅಜ್ಜ (ಹೊಳಲ್ಕೆರೆ)

ನಾನು ಹ್ಯಾಮ್ ಅಲ್ಲ. ತಂತಿ ಆಫೀಸಿನಲ್ಲಿ ಇದ್ದವನು. ಮೊಮ್ಮಗಳು ಇದನ್ನು ಓದಿ ಹೇಳಿದಳು, ಅವಳೇ ಟೈಪ್ ಮಾಡುತ್ತಿದ್ದಾಳೆ. 2013ರ ಜುಲೈಯಲ್ಲಿ ಟೆಲಿಗ್ರಾಂ ನಿಂತಾಗ ಎಲ್ಲರೂ ಮೋರ್ಸ್ ಹೋಯಿತು ಅಂದರು. ಟೆಲಿಪ್ರಿಂಟರ್ ಬಂದು ಮೋರ್ಸ್ ಹೋಗಿ ಆಗಲೇ ಎಷ್ಟೋ ಕಾಲ ಆಗಿತ್ತು.

ಮಗಾ, ನಿಮಗೆ ಪೀಂ ಪೀಂ ಅಂತ ಸ್ವರ ಕೇಳುತ್ತದೆ. ನಮ್ಮ ಸೌಂಡರಿನಲ್ಲಿ ಸ್ವರವೇ ಇರಲಿಲ್ಲ. ಒತ್ತಿದಾಗ ಒಂದು ಟಕ್, ಬಿಟ್ಟಾಗ ಒಂದು ಟಿಕ್. ನಡುವಿನ ಸಂದು ಎಷ್ಟು ಅಂತ ಕೇಳಿ ಅಕ್ಷರ ತಿಳಿಯಬೇಕು. ಅದಕ್ಕೇ ಹೇಳುತ್ತೇನೆ, ಬಿಡುವಿನ ಮೇಲೆ ಕೈ ಕೂರಿಸು. ಅಕ್ಷರದಿಂದ ಅಕ್ಷರಕ್ಕೆ ಮೂರು ಡಿಟ್ (ಚುಕ್ಕಿ) ಹೊತ್ತು, ಪದದಿಂದ ಪದಕ್ಕೆ ಏಳು. ಹೊಸಬರು ಅಕ್ಷರ ಚೆನ್ನಾಗಿ ಹೊಡೆದು ಬಿಡುವನ್ನು ನುಂಗಿಬಿಡುತ್ತಾರೆ. ಕೇಳುವವನಿಗೆ ಎಲ್ಲಾ ಒಂದೇ ಪದ.

ಕೀ ಸಂದು ಒಂದು ಪೋಸ್ಟ್ ಕಾರ್ಡಿನ ದಪ್ಪ ಇದ್ದರೆ ಸಾಕು. ಬೆರಳಿನಿಂದ ಕುಟ್ಟಬೇಡ, ಮಣಿಕಟ್ಟು ಆಡಬೇಕು. ಮೊಣಕೈ ಮೇಜಿನ ಮೇಲೆ ಇರಬೇಕು. ಬಂಡೆ ಮೇಲೆ ಮೊಣಕೈ ಎಲ್ಲಿಡುತ್ತೀಯೋ ನನಗೆ ಗೊತ್ತಿಲ್ಲ.

ಬೆಣ್ಣೆದೋಸೆ_ಹ್ಯಾಮ್

ಅಜ್ಜಾರೇ, ನಮಸ್ಕಾರ. ನಾನು ಬಿಡುವು ನುಂಗ್ತೀನಿ ಅಂತ ಹೊಳಲ್ಕೆರೇಲಿ ಕೂತೇ ಗೊತ್ತಾಯ್ತಲ್ಲ ನಿಮಗೆ!

ಕಲ್ಲುಬಂಡೆ ಸರ್, ಎರಡು ಸಣ್ಣ ಪ್ರಶ್ನೆ. ಚನ್ನಗಿರೀಲಿ ನಮ್ಮ ಮಾವನ ತೋಟ ಇದೆ. ಅಡಿಕೆ ಕೊಯ್ಯೋ ಉದ್ದನೆ ದೋಟಿ ಅಲ್ಲಿದೆ, ಒಂದರೊಳಗೊಂದು ಸೇರುತ್ತೆ, ಹಗುರ. ಅದನ್ನೇ ಕಂಬ ಮಾಡಬಹುದಾ? ಮತ್ತೆ ಹಳೇ ಯುಪಿಎಸ್‌ನ 12 ವೋಲ್ಟ್, 7 ಎಎಚ್ ಬ್ಯಾಟರಿ ಸಾಕಾ? ನನ್ನ ವೇಗ 8ರಲ್ಲೇ ನಿಂತಿದೆ, ಯಾರಾದ್ರೂ ಉತ್ತರ ಕೊಟ್ರೆ ಹಿಡಿಯೋಕಾಗುತ್ತಾ ಅನ್ನೋ ಭಯ ಬೇರೆ.

ಕಲ್ಲುಬಂಡೆ

ಹಗುರ ಅಂದ್ರೇನೇ ಅನುಮಾನ. ಈಗಿನ ಒಳ್ಳೇ ದೋಟಿಗಳು ಕಾರ್ಬನ್ ಫೈಬರ್‌ದು, ಅದರಲ್ಲಿ ವಿದ್ಯುತ್ ಹರಿಯುತ್ತದೆ. ವೈರ್ ಅದಕ್ಕೆ ಒತ್ತಿಕೊಂಡಿದ್ದರೆ ಟ್ಯೂನಿಂಗ್ ಎಲ್ಲಾ ಕೆಡುತ್ತದೆ. ಫೈಬರ್‌ಗ್ಲಾಸ್ ಆಗಿದ್ದರೆ ಧಾರಾಳವಾಗಿ ತನ್ನಿ. ಕಾರ್ಬನ್ನೇ ಆದರೆ ತುದಿಗೆ ಎರಡಡಿ ಪಿವಿಸಿ ಪೈಪ್ ಸಿಕ್ಕಿಸಿ, ವೈರನ್ನು ಅದರ ತುದಿಯಿಂದ ಓರೆಯಾಗಿ ದೂರ ಎಳೀರಿ. ಯಾವ ಕೋಲೇ ಆಗಲಿ, ಕರೆಂಟ್ ತಂತಿ ಹತ್ತಿರ ಎತ್ತಬೇಡಿ. ಇದನ್ನ ಮಾವನಿಗೂ ಹೇಳಿ, ತೋಟದಲ್ಲಿ ಆಗೋ ಅನಾಹುತ ಇದರಿಂದಲೇ.

ಬ್ಯಾಟರಿ ಸಾಕು, ಆದ್ರೆ ಎರಡು ಕಿಲೋ ಮೇಲೆ ಭಾರ. ನಿಮ್ಮ ಸೆಟ್ ಕೇಳುವಾಗ 0.1 ಆಂಪಿಯರ್ ಒಳಗೇ, ಕೀ ಒತ್ತಿದಾಗ ಅರ್ಧ ಆಂಪಿಯರ್ ಆಸುಪಾಸು ಎಳೆಯುತ್ತದೆ. ನಾಲ್ಕು ಸೆಲ್ಲಿನ 3 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲೇ ಇಡೀ ಹಗಲು ಕಳೆಯುತ್ತದೆ. ಯುಪಿಎಸ್‌ದು ಬೈಕಿನ ಮೇಲೆ ಬರೋದಾದ್ರೆ ಈಗಲೇ ಹೊಸದು ತಗೋಬೇಡಿ.

ವೇಗದ ಭಯ ಬಿಡಿ. 'ಕ್ಯೂಆರ್‌ಎಸ್' ಅಂತ ಕಳಿಸಿದರೆ ಎಂಥವರೂ ನಿಧಾನ ಮಾಡುತ್ತಾರೆ. ಮಾಡದವರ ಜೊತೆ ಮಾತು ಯಾಕೆ? ಆದರೆ ಮನೆಯಲ್ಲಿ ಅಭ್ಯಾಸ ಮಾಡುವಾಗ ಅಕ್ಷರ 20ರ ವೇಗದಲ್ಲಿ ಕೇಳಿ, ಬಿಡುವನ್ನು ಮಾತ್ರ ಹಿಗ್ಗಿಸಿ. 8ರ ವೇಗದಲ್ಲಿ ಒಂದು ಡಿಟ್ 150 ಮಿಲಿಸೆಕೆಂಡ್. ಅಷ್ಟು ಉದ್ದ ಇದ್ದರೆ ತಲೆ ಚುಕ್ಕಿ, ಗೆರೆ ಎಣಿಸೋಕೆ ಶುರು ಮಾಡುತ್ತದೆ. 20ರಲ್ಲಿ ಅದು 60, ಎಣಿಸೋಕೆ ಪುರುಸೊತ್ತಿರಲ್ಲ. ಅಕ್ಷರ ಒಂದು ಸದ್ದಾಗಿ ಕಿವಿಗೆ ಬೀಳುತ್ತದೆ.

ಈ ಭಾನುವಾರ ಬೆಳಗ್ಗೆ 10ರಿಂದ 7.030ರಲ್ಲಿ ಇರ್ತೀನಿ, ಭರಮಸಾಗರದಿಂದಲೇ. ನೀವು ಡೈಪೋಲ್ ಕಟ್ಟಿ ಕರೀರಿ. ಯಾರಾದ್ರೂ ಅಲ್ಲಿ ಮೊದಲೇ ಮಾತಾಡ್ತಾ ಇದ್ರೆ ಒಂದು ಕಿಲೋಹರ್ಟ್ಸ್ ಮೇಲೆ ಬನ್ನಿ.