ಪಂಜೆಯವರ ಮಕ್ಕಳ ಪುಸ್ತಕ ಯಾರ ಹತ್ರ ಇದೆ? ಸಹಾಯ ಬೇಕು

ನಮಸ್ಕಾರ. ಫೆಬ್ರವರಿ 22 ಪಂಜೆ ಮಂಗೇಶರಾಯರು ಹುಟ್ಟಿದ ದಿನ. 1874ರಲ್ಲಿ ಅವರು ಹುಟ್ಟಿದ್ದು ನಮ್ಮ ಬಂಟ್ವಾಳದಲ್ಲೇ ಅಲ್ವಾ? ಅವತ್ತು ಉಡುಪಿಯ ನಮ್ಮ ಮನೆ ಜಗಲಿಯಲ್ಲಿ ಅಕ್ಕಪಕ್ಕದ ಮಕ್ಕಳನ್ನು ಕೂರಿಸಿ ಅವರ ಕಥೆ, ಪದ್ಯ ಓದಿಸಬೇಕು ಅಂತಿದ್ದೇನೆ. ಮೊನ್ನೆ ‘ನಾಗರ ಹಾವೆ’ ಹೇಳಿಕೊಟ್ಟೆ. ಎರಡನೇ ಕ್ಲಾಸಿನ ಹುಡುಗಿ ಅಂಗೈಯನ್ನೇ ಹೆಡೆ ಮಾಡಿ ತೂಗಿದಳು! ನೋಡಿ ಕಣ್ಣು ತುಂಬಿ ಬಂತು.

ಆದರೆ ನನ್ನ ಹಳೇ ಪುಸ್ತಕವನ್ನು ಒರಲೆ ತಿಂದಿದೆ. ಕೋಟಿ ಚೆನ್ನಯರ ಕಥೆಯ ಪುಟಗಳಂತೂ ಮುಟ್ಟಿದರೆ ಪುಡಿ. ಪಂಜೆಯವರ ಯಾವ ಪುಸ್ತಕ ಇದ್ದರೂ ಎರಡು ದಿನ ಕೊಡ್ತೀರಾ? ಕಾರಂತರ ‘ಬಾಲಪ್ರಪಂಚ’ದ ಮೂರು ಸಂಪುಟ ಸಿಕ್ಕಿದರೆ ಇನ್ನೂ ಖುಷಿ. ಮಂಗಳೂರಾದರೂ ಸರಿ, ನಾನೇ ಬಂದು ತೆಗೆದುಕೊಂಡು ಹೋಗ್ತೇನೆ. ಬೈಂಡ್ ಹಾಕಿ, ಜೋಪಾನವಾಗಿ ವಾಪಸ್ ಕೊಡ್ತೇನೆ.

ಹಳೇ ಶಾಲೆಯ ರಾಗದಲ್ಲಿ ಹಾಡಲು ಬರುವ ಅಜ್ಜ, ಅಜ್ಜಿಯರಿದ್ದರೆ ದಯವಿಟ್ಟು ತಿಳಿಸಿ.