ಆ್ಯಪ್‌ನಲ್ಲಿ 17, ಗದ್ದೆ ಬಯಲಲ್ಲಿ 13: ಬೆಳಗಿನ ಚಳಿ ಸಂಜೆಗೇ ತಿಳಿಯೋದು ಹೇಗೆ?

ಪ್ರಶ್ನೆ (ಮಂಡ್ಯ): ವಿಶ್ವೇಶ್ವರಯ್ಯ ನಾಲೆ ಬಯಲಿನ ತಗ್ಗಲ್ಲಿ ರೇಷ್ಮೆ ಹುಳುಮನೆ. ಚಾಕಿ (ಎಳೆಯ) ಹುಳುವಿಗೆ 26ರಿಂದ 28 ಡಿಗ್ರಿ ಬೇಕು. ಆ್ಯಪ್ 17 ಅಂದ ಬೆಳಗ್ಗೆ ಹೊರಗಿನ ಕಂಬದ ಥರ್ಮಾಮೀಟರ್ 13 ತೋರಿಸುತ್ತೆ. ಯಾವುದನ್ನು ನಂಬಿ ಹೀಟರ್ ಸಿದ್ಧ ಮಾಡ್ಕೊಳ್ಳೋದು?

ಉತ್ತರ: ಮೊದಲು ಕಂಬದ ಮೇಲೇ ಅನುಮಾನ ಪಡಿ. ಬಯಲು ಆಕಾಶಕ್ಕೆ ತೆರೆದಿಟ್ಟ ಥರ್ಮಾಮೀಟರ್ ತಾನೇ ಶಾಖ ಕಳಕೊಂಡು ಗಾಳಿಗಿಂತ ಕಡಿಮೆ ತೋರಿಸುತ್ತೆ. ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿ, ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿಡಿ. ಆಮೇಲೂ ವ್ಯತ್ಯಾಸ ಉಳಿದರೆ ಅದು ನಿಜದ್ದು: ಆ್ಯಪ್ ಹೇಳೋದು ಹಲವು ಕಿಲೋಮೀಟರ್ ಅಗಲದ ಚೌಕದ ಸರಾಸರಿ, ತಣ್ಣನೆ ಗಾಳಿ ಭಾರ, ಹರಿದು ತಗ್ಗಿಗೇ ಬಂದು ನಿಲ್ಲುತ್ತೆ. ಮೋಡವಿಲ್ಲದ, ಗಾಳಿ ನಿಂತ ಹತ್ತು ರಾತ್ರಿಗಳ ವ್ಯತ್ಯಾಸ ಬರೆದು ಸರಾಸರಿ ತೆಗೆಯಿರಿ. ಅಂಥ ರಾತ್ರಿಗೆ ಮಾತ್ರ ಆ್ಯಪ್ ಅಂಕಿಯಿಂದ ಅಷ್ಟು ಕಳೆಯಿರಿ. ಮೋಡದ ರಾತ್ರಿಯ ಲೆಕ್ಕ ಬೇರೆ, ಎರಡನ್ನೂ ಕಲಸಿದರೆ ಎರಡೂ ಕೆಡುತ್ತೆ.

ಇನ್ನೊಂದು ಆಸರೆ ಇಬ್ಬನಿ ಬಿಂದು, ಅಂದರೆ ಗಾಳಿ ತಣ್ಣಗಾಗುತ್ತಾ ಇಬ್ಬನಿ ಕಟ್ಟತೊಡಗುವ ತಾಪಮಾನ. ಹೊತ್ತು ಮುಳುಗುವಾಗ ತಾಪಮಾನ, ತೇವಾಂಶ ನೋಡಿ. ನೂರರಿಂದ ತೇವಾಂಶ ಕಳೆದು, ಐದರಿಂದ ಭಾಗಿಸಿ, ಬಂದದ್ದನ್ನು ತಾಪಮಾನದಿಂದ ಕಳೆಯಿರಿ. 24 ಡಿಗ್ರಿ, ಶೇ. 60 ಇದ್ದರೆ 16. (ತೇವಾಂಶ ಶೇ. 50ಕ್ಕಿಂತ ಕಡಿಮೆಯಿದ್ದರೆ ಈ ಸುಲಭ ಲೆಕ್ಕ ಹಿಡಿಯಲ್ಲ.) ಇಬ್ಬನಿ ಕಟ್ಟತೊಡಗಿದರೆ ಆವಿ ನೀರಾಗುವಾಗ ಶಾಖ ಬಿಡುತ್ತೆ, ಇಳಿತ ನಿಧಾನವಾಗುತ್ತೆ. ಹಾಗಾಗಿ ಕನಿಷ್ಠ ಸಾಮಾನ್ಯವಾಗಿ ಅದರ ಆಸುಪಾಸಲ್ಲೇ ನಿಲ್ಲುತ್ತೆ.

ಮರುಪ್ರಶ್ನೆ: ಲೆಕ್ಕ ಕೈಕೊಡೋದು ಯಾವಾಗ?

ಉತ್ತರ: ಒಣ ಮೂಡಗಾಳಿ ಬಂದಾಗ. ಸಂಜೆಯ ಇಬ್ಬನಿ ಬಿಂದು ರಾತ್ರಿ ಉಳಿಯಲ್ಲ. ಒಂಬತ್ತಕ್ಕೆ ಮತ್ತೆ ನೋಡಿ, ಇಬ್ಬನಿ ಬಿಂದು ಎರಡು ಡಿಗ್ರಿ ಇಳಿದಿದ್ದರೆ ಅಂದಾಜನ್ನೂ ಇಳಿಸಿ. ನಡುರಾತ್ರಿ ಮೋಡ ಕವಿದರೆ ತಿರುಗುಮುರುಗು, ಚಳಿ ಅಂದಾಜಿನಷ್ಟು ಇಳಿಯಲ್ಲ. ಬೀಸುವ ಗಾಳಿಯಿದ್ದರೆ ಮೇಲಿನ ಬೆಚ್ಚನೆ ಪದರ ಕೆಳಗೆ ಬೆರೆಯುತ್ತೆ, ತಗ್ಗಿನ ಚಳಿ ಕಟ್ಟೋದೇ ಇಲ್ಲ. ಹೊಸದಾಗಿ ನೀರು ಕಟ್ಟಿದ ಗದ್ದೆ ಒಳಗಿನ ಬಿಸಿ ಮೇಲೆ ತರುತ್ತೆ. ಒಣಹುಲ್ಲು ಹಾಸಿದ ನೆಲ ಆ ಬಿಸಿಯನ್ನು ತಡೆಯುತ್ತೆ, ಅದರ ಮೇಲಿನ ಗಾಳಿ ಹೆಚ್ಚು ತಣ್ಣಗಾಗುತ್ತೆ.

ಇನ್ನೊಬ್ಬರು (ಮೈಸೂರು): ಕನಿಷ್ಠ ಬರೋದು ನಡುರಾತ್ರಿಗಲ್ಲ, ಸೂರ್ಯ ಹುಟ್ಟುವ ಆಸುಪಾಸಿಗೆ. ಜನವರಿಯಲ್ಲಿ ಸುಮಾರು ಏಳು ಗಂಟೆ. ಕನಿಷ್ಠ ನೆನಪಿಡುವ ಥರ್ಮಾಮೀಟರನ್ನು ಆರಕ್ಕೇ ಓದಿ ರೀಸೆಟ್ ಒತ್ತಿದರೆ, ಆಮೇಲೆ ಬರುವ ಇವತ್ತಿನ ಚಳಿ ನಾಳೆಯ ಲೆಕ್ಕಕ್ಕೂ ಸೇರುತ್ತೆ, ಹತ್ತು ದಿನದ ಸರಾಸರಿಯೇ ಸುಳ್ಳಾಗುತ್ತೆ. ಎಂಟೂವರೆಗೆ ಓದಿ ಬರೆಯಿರಿ, ರೀಸೆಟ್ ಸಂಜೆ ಒತ್ತಿ.